ಮನೆಯೊಳಗಿನ ಜೇಡ್ ಗಿಡದಲ್ಲಿ ಹೂ ತರಿಸುವುದು ಹೇಗೆ?

ನಮ್ಮನೆ ಜೇಡ್ ಗಿಡ ಒಂಬತ್ತು ವರ್ಷ ಹಾಲ್‌ನ ಕಿಟಕಿ ಪಕ್ಕ ಕೂತಿತ್ತು. ದಪ್ಪ ಕಾಂಡ, ಹೊಳೆಯುವ ಎಲೆ. ಬಂದವರು ಮುಟ್ಟಿ ನೋಡಿ "ಪ್ಲಾಸ್ಟಿಕ್ಕಾ?" ಅಂತ ಕೇಳುವಷ್ಟು ಚೆಂದ. ಹೂ ಮಾತ್ರ ಒಂದೂ ಇಲ್ಲ. ಹತ್ತನೇ ವರ್ಷ ಮನೆಗೆ ಬಣ್ಣ ಹೊಡೆಸುವಾಗ ಅದನ್ನು ಎತ್ತಿ, ಯಾರೂ ಬಳಸದ ಹಿಂದಿನ ಕೋಣೆಯಲ್ಲಿಟ್ಟೆವು. ಅಲ್ಲಿ ದೊಡ್ಡ ಕಿಟಕಿ ಇತ್ತು. ಬಲ್ಬ್ ಸುಟ್ಟುಹೋಗಿತ್ತು, ಬದಲಾಯಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಬಣ್ಣದ ಕೆಲಸ ಮುಗಿಯಿತು, ಗಿಡ ಅಲ್ಲೇ ಮರೆತುಹೋಯಿತು. ಚಳಿಗಾಲದ ನಡುವೆ ಯಾವುದೋ ಪೆಟ್ಟಿಗೆ ಹುಡುಕಲು ಒಳಗೆ ಹೋದರೆ, ಕೊಂಬೆಗಳ ತುದಿಯಲ್ಲೆಲ್ಲ ಸಣ್ಣ ಬಿಳಿ ನಕ್ಷತ್ರಗಳು!

"ಜೇಡ್ ಗಿಡವನ್ನು ಸುಮ್ನೆ ಬಿಟ್ಟುಬಿಡಿ, ಆಗ ಹೂ ಬಿಡುತ್ತೆ" ಅಂತ ತುಂಬ ಜನ ಹೇಳುತ್ತಾರೆ. ಅದು ಅರ್ಧ ನಿಜ. ಹಾಲ್‌ನಲ್ಲಿದ್ದಾಗಲೂ ನಾವೇನು ಅದನ್ನು ಮುದ್ದು ಮಾಡಿರಲಿಲ್ಲ. ಆದರೆ ಹಾಲ್‌ನಲ್ಲಿ ಅದಕ್ಕೆ ರಾತ್ರಿ ಶುರುವಾಗುತ್ತಿದ್ದದ್ದು ಹನ್ನೊಂದು ಗಂಟೆಗೆ, ನಾವು ಲೈಟ್ ಆರಿಸಿದ ಮೇಲೆ. ಹಿಂದಿನ ಕೋಣೆಯಲ್ಲಿ ಸೂರ್ಯ ಮುಳುಗಿದ ಕೂಡಲೇ ಶುರುವಾಗುತ್ತಿತ್ತು. ಆಮೇಲಿನ ವರ್ಷಗಳಲ್ಲಿ ಇದನ್ನೇ ಬೇಕಂತಲೇ ಮಾಡಿ ನೋಡಿದ್ದೇನೆ. ಹೂ ಬಾರದ ಮನೆಗಳಲ್ಲಿ ಬಹಳ ಸಲ ಕೊರತೆ ಇರುವುದು ಗೊಬ್ಬರದ್ದಲ್ಲ, ಕತ್ತಲೆಯದು.

ಮೊದಲು, ಗಿಡ ಯಾವುದು ಮತ್ತು ವಯಸ್ಸೆಷ್ಟು

ಜೇಡ್ ಅನ್ನುವ ಹೆಸರಲ್ಲಿ ಎರಡು ಗಿಡಗಳು ಓಡಾಡುತ್ತವೆ. ಇಲ್ಲಿ ಹೇಳುತ್ತಿರುವುದು ಕ್ರಾಸುಲಾ ಒವಾಟಾ ಬಗ್ಗೆ. ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಮತ್ತು ಕ್ವಾಝುಲು-ನಟಾಲ್ ಪ್ರಾಂತ್ಯಗಳು, ಪಕ್ಕದ ಮೊಜಾಂಬಿಕ್ ಇದರ ತವರು. ಎಲೆ ಮೊಟ್ಟೆಯಾಕಾರ, ದಪ್ಪ, 3ರಿಂದ 9 ಸೆಂ.ಮೀ. ಉದ್ದ. ಇನ್ನೊಂದು ಪೋರ್ಚುಲಕೇರಿಯಾ ಆಫ್ರಾ. ಬೋನ್ಸಾಯ್ ಮಾಡುವವರಿಗೆ ಇದು ತುಂಬ ಇಷ್ಟ. ಇದರ ಎಲೆ ಉಗುರಿನಷ್ಟು ಚಿಕ್ಕದು, ಎಳೆ ಕೊಂಬೆ ಕೆಂಪು-ಕಂದು. ಇದು ಬೇರೆ ಕುಟುಂಬದ್ದೇ ಗಿಡ. ಮನೆಯೊಳಗಿನ ಕುಂಡದಲ್ಲಿ ಹೂ ಬಿಡುವುದು ತೀರಾ ಅಪರೂಪ. ನಿಮ್ಮದು ಇದಾಗಿದ್ದರೆ ಮುಂದಿನ ಕಷ್ಟ ಪಡಬೇಡಿ, ಎಲೆ ನೋಡಿಕೊಂಡು ಖುಷಿಯಾಗಿರಿ. ಕೊಳವೆಯಂಥ ಎಲೆಯ ತಳಿಗಳು, ಹಳದಿ-ಕೆಂಪು ಬಣ್ಣದ ತಳಿಗಳೂ ಕ್ರಾಸುಲಾ ಒವಾಟಾ ಜಾತಿಯವೇ. ಆದರೆ ಬಣ್ಣದ ಎಲೆಯವು ನಿಧಾನವಾಗಿ ಬೆಳೆಯುತ್ತವೆ, ಹಾಗಾಗಿ ಕಾಯಿಸುತ್ತವೆ.

ವಯಸ್ಸಿನ ವಿಷಯದಲ್ಲಿ ಅವಸರ ಸಲ್ಲದು. ಎಲೆಯಿಂದ ಬೆಳೆಸಿದ ಗಿಡಕ್ಕೆ ಕಡಿಮೆ ಅಂದರೂ ಮೂರು-ನಾಲ್ಕು ವರ್ಷ ಬೇಕು. ಮನೆಯೊಳಗೆ ಅದಕ್ಕಿಂತ ಜಾಸ್ತಿಯೇ ಹಿಡಿಯುತ್ತದೆ. ನಾನು ವರ್ಷ ಎಣಿಸುವುದಕ್ಕಿಂತ ಕಾಂಡ ನೋಡುತ್ತೇನೆ. ಬುಡ ಹೆಬ್ಬೆರಳಿಗಿಂತ ದಪ್ಪಗಾಗಿ, ಹಸಿರು ಹೋಗಿ ಕಂದು ತೊಗಟೆ ಬಂದಿದ್ದರೆ ಪ್ರಯತ್ನ ಪಡಬಹುದು. ಹೂ ಬಿಡುವ ಗಿಡದ ಕೊಂಬೆಯನ್ನೇ ಯಾರಾದರೂ ಕೊಟ್ಟರೆ ಬಿಡಬೇಡಿ. ಆ ಕಟಿಂಗ್ ಗಾತ್ರದಲ್ಲಿ ಮರಿ, ಆದರೆ ಬಲಿತ ಕೊಂಬೆ. ಎಲೆಯಿಂದ ಬಂದದ್ದಕ್ಕಿಂತ ಬೇಗ ಹೂ ಕೊಡುತ್ತದೆ.

ಗಿಡ ರಾತ್ರಿಯನ್ನು ಹೇಗೆ ಅಳೆಯುತ್ತದೆ

ಇದೊಂದು ಅರ್ಥವಾದರೆ ಮುಂದಿನ ಹಂತಗಳು ತಾವಾಗಿಯೇ ನೆನಪಲ್ಲಿ ಉಳಿಯುತ್ತವೆ.

ಹಗಲಿನ ಉದ್ದಕ್ಕೂ ಹೂ ಬಿಡುವುದಕ್ಕೂ ಸಂಬಂಧ ಇದೆ ಎಂದು ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು ಅಮೆರಿಕದ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. ಅವರು ಗಮನಿಸಿದ್ದು ತಂಬಾಕು, ಸೋಯಾ ಮುಂತಾದ ಗಿಡಗಳನ್ನು. ಹಗಲು ಚಿಕ್ಕದಾದಾಗ ಹೂ ಬಿಡುವ ಗಿಡಗಳಿಗೆ 'ಕಿರು ಹಗಲಿನ ಗಿಡ' ಎಂಬ ಹೆಸರು ಬಂತು. ಆದರೆ ಗಿಡ ನಿಜಕ್ಕೂ ಅಳೆಯುವುದು ಹಗಲನ್ನಲ್ಲ. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬುವರು ಒಂದು ಕಳೆ ಗಿಡದ ಮೇಲೆ ಪ್ರಯೋಗ ಮಾಡಿದರು. ಹಗಲಿನ ಮಧ್ಯೆ ಕತ್ತಲು ಮಾಡಿದರೆ ಗಿಡಕ್ಕೆ ಏನೂ ಅನ್ನಿಸಲಿಲ್ಲ. ಉದ್ದ ರಾತ್ರಿಯ ಮಧ್ಯೆ ಸ್ವಲ್ಪ ಹೊತ್ತು ಬೆಳಕು ಹಾಕಿದರೆ ಮಾತ್ರ ಹೂ ನಿಂತೇಹೋಯಿತು. ಅಂದರೆ ಅದು ಎಣಿಸುತ್ತಿದ್ದದ್ದು ಎಡೆಬಿಡದ ಕತ್ತಲೆಯನ್ನು.

ನಮ್ಮ ಜೇಡ್ ಕೂಡ ಉದ್ದ ರಾತ್ರಿ, ತಂಪು, ಒಣ ಮಣ್ಣು ಮೂರೂ ಸೇರಿದಾಗ ಮೊಗ್ಗು ಕಟ್ಟುವ ಗಿಡ. ತವರಿನಲ್ಲಿ ಇದು ಹೂ ಬಿಡುವುದು ಅಲ್ಲಿನ ಚಳಿಗಾಲದಲ್ಲಿ, ಜೂನ್‌ನಿಂದ ಆಗಸ್ಟ್‌ವರೆಗೆ. ಉತ್ತರಾರ್ಧ ಗೋಳದಲ್ಲಿ ನವೆಂಬರ್‌ನಿಂದ ಫೆಬ್ರವರಿ ಒಳಗೆ.

ರಾತ್ರಿಗೂ ಈ ಕುಟುಂಬಕ್ಕೂ ಇನ್ನೊಂದು ನಂಟಿದೆ. ಬಹಳ ಗಿಡಗಳು ಹಗಲಲ್ಲಿ ಎಲೆಯ ಸಣ್ಣ ರಂಧ್ರ ತೆರೆದು ಗಾಳಿ ಎಳೆದುಕೊಂಡರೆ, ಜೇಡ್ ಬಿಸಿಲಲ್ಲಿ ಬಾಗಿಲು ಹಾಕಿಕೊಂಡು ರಾತ್ರಿ ತೆರೆಯುತ್ತದೆ. ಎಳೆದುಕೊಂಡದ್ದನ್ನು ಹುಳಿಯ ರೂಪದಲ್ಲಿ ಕೂಡಿಟ್ಟು, ಹಗಲು ಬಳಸುತ್ತದೆ. ಇದೇ ಕುಟುಂಬದ ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿಯಾಗಿದ್ದು, ಮಧ್ಯಾಹ್ನದ ಹೊತ್ತಿಗೆ ಸಪ್ಪೆಯಾಗುವುದನ್ನು ಬೆಂಜಮಿನ್ ಹೇನ್ ಎಂಬ ಸಸ್ಯಶಾಸ್ತ್ರಜ್ಞ ಜಗಿದು ನೋಡಿ ಬರೆದಿದ್ದ. ಅದು ಅಚ್ಚಾಗಿದ್ದು 1815ರಲ್ಲಿ. ನೀವು ಜೇಡ್ ಎಲೆ ಜಗಿಯಲು ಹೋಗಬೇಡಿ, ಅವನನ್ನು ನಂಬಿದರೆ ಸಾಕು.

ಹಂತ 1: ಬೆಳೆಯುವ ಕಾಲದಲ್ಲಿ ಹೊಟ್ಟೆ ತುಂಬಾ ಬಿಸಿಲು

ಕತ್ತಲೆ ಮುಖ್ಯ ಅಂದ ಮಾತ್ರಕ್ಕೆ ಗಿಡವನ್ನು ಮೂಲೆಗೆ ತಳ್ಳಬೇಡಿ. ಹೂ ಬಿಡಲು ಬೇಕಾದ ಶಕ್ತಿ ಬರುವುದು ವಸಂತ, ಬೇಸಿಗೆಯ ಬೆಳಕಿನಿಂದಲೇ. ದಿನಕ್ಕೆ ನಾಲ್ಕರಿಂದ ಆರು ಗಂಟೆ ನೇರ ಬಿಸಿಲು ಬೀಳುವ ಕಿಟಕಿ ಬೇಕು. ಉತ್ತರಾರ್ಧ ಗೋಳದಲ್ಲಿ ದಕ್ಷಿಣದ ಕಿಟಕಿ ಒಳ್ಳೆಯದು, ದಕ್ಷಿಣಾರ್ಧದಲ್ಲಿ ಉತ್ತರದ್ದು. ಅದಿಲ್ಲದಿದ್ದರೆ ಪೂರ್ವ ಅಥವಾ ಪಶ್ಚಿಮ.

ಬೆಳಕು ಸಾಕಾ ಸಾಲದಾ ಅನ್ನುವುದನ್ನು ಗಿಡವೇ ಹೇಳುತ್ತದೆ. ಎರಡು ಜೋಡಿ ಎಲೆಗಳ ನಡುವಿನ ಗೆಣ್ಣು ನೋಡಿ. ಅದು ಉದ್ದವಾಗಿ, ಕೊಂಬೆ ಕಿಟಕಿ ಕಡೆ ಕತ್ತು ಚಾಚಿದ್ದರೆ ಬೆಳಕು ಕಡಿಮೆ. ಎಲೆಗಳು ಒತ್ತೊತ್ತಾಗಿ ಕೂತು, ಅಂಚಿಗೆ ಯಾರೋ ಕೆಂಪು ಪೆನ್ನಲ್ಲಿ ಗೆರೆ ಎಳೆದಂತೆ ಕಂಡರೆ ಬೆಳಕು ಚೆನ್ನಾಗಿದೆ.

ಇಷ್ಟು ದಿನ ನೆರಳಲ್ಲಿದ್ದ ಗಿಡವನ್ನು ಏಕಾಏಕಿ ಬಿಸಿಲಿಗೆ ಇಟ್ಟರೆ ಎಲೆ ಸುಟ್ಟು ಕಂದು ಕಲೆ ಬೀಳುತ್ತದೆ. ಆ ಕಲೆ ಮತ್ತೆ ಹೋಗುವುದಿಲ್ಲ. ಎರಡು ವಾರ ಹಿಡಿದು, ದಿನಕ್ಕೆ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ.

ಗೊಬ್ಬರ ಕಡಿಮೆ ಸಾಕು. ಬೆಳೆಯುವ ತಿಂಗಳುಗಳಲ್ಲಿ, ಪೊಟ್ಟಣದ ಮೇಲೆ ಹೇಳಿದ ಪ್ರಮಾಣದ ಅರ್ಧಕ್ಕೆ ಕರಗಿಸಿ, ತಿಂಗಳಿಗೊಮ್ಮೆ. ಸಾರಜನಕ ಜಾಸ್ತಿ ಇರುವ ಗೊಬ್ಬರ ಹಾಕಿದರೆ ಗಿಡ ಎಲೆಯ ಮೇಲೆ ಎಲೆ ಹಾಕುತ್ತದೆ, ಹೂವಿನ ಯೋಚನೆಯನ್ನೇ ಮಾಡುವುದಿಲ್ಲ. ಬೇಸಿಗೆ ಮುಗಿಯುತ್ತಿದ್ದ ಹಾಗೆ ಗೊಬ್ಬರ ಪೂರ್ತಿ ನಿಲ್ಲಿಸಿ.

ಕುಂಡದ ವಿಷಯ ಚುಟುಕಾಗಿ: ಕೆಳಗೆ ತೂತಿರುವ ಮಣ್ಣಿನ ಕುಂಡ, ಅರ್ಧದಷ್ಟು ದಪ್ಪ ಮರಳು, ಪರ್ಲೈಟ್ ಅಥವಾ ಪ್ಯೂಮಿಸ್ (ನೀರು ನಿಲ್ಲದಂತೆ ಮಣ್ಣಿಗೆ ಬೆರೆಸುವ ಹಗುರ ಕಲ್ಲಿನ ಚೂರುಗಳು) ಬೆರೆತ ಮಣ್ಣು. ಬೇರಿಗೆ ಜಾಗ ಸ್ವಲ್ಪ ಬಿಗಿಯಾಗಿದ್ದರೆ ಒಳ್ಳೆಯದೇ. ಕುಂಡ ಬದಲಾಯಿಸುವುದಾದರೆ ವಸಂತದಲ್ಲಿ ಮಾಡಿ ಮುಗಿಸಿ. ಹೂವಿನ ಕಾಲ ಹತ್ತಿರ ಬಂದಾಗ ಬೇರು ಕೆದಕಬೇಡಿ.

ಹಂತ 2: ಕತ್ತರಿ ಒಳಗಿಡಿ

ಇದು ನಾನು ಸ್ವತಃ ಮಾಡಿದ ತಪ್ಪು. ಮೊದಲ ಸಲ ಹೂ ಬಿಟ್ಟ ಮರುವರ್ಷ, ಗಿಡ ದುಂಡಗೆ ಕಾಣಲಿ ಅಂತ ಚಳಿಗಾಲಕ್ಕೆ ಸ್ವಲ್ಪ ಮೊದಲು ಎಲ್ಲ ಕುಡಿಗಳನ್ನೂ ಸಾಲಾಗಿ ಕತ್ತರಿಸಿದೆ. ನೋಡಲು ಚೆಂಡಿನ ಹಾಗೆ ಬಹಳ ಮುದ್ದಾಗಿತ್ತು. ಆ ವರ್ಷ ಹೂ ಬಂದದ್ದು, ನನ್ನ ಕತ್ತರಿ ತಲುಪದ ಹಿಂಭಾಗದ ಒಂದೇ ಒಂದು ಕೊಂಬೆಯಲ್ಲಿ.

ಜೇಡ್ ಹೂ ಬಿಡುವುದು ಕೊಂಬೆಯ ತುತ್ತತುದಿಯಲ್ಲಿ ಮಾತ್ರ. ತುದಿ ಬಲಿಯಲು ತಿಂಗಳುಗಟ್ಟಲೆ ಬೇಕು. ಹಾಗಾಗಿ ಸವರುವ ಕೆಲಸವೆಲ್ಲ ಹೂ ಮುಗಿದ ಕೂಡಲೇ, ಅಂದರೆ ಚಳಿಗಾಲದ ಕೊನೆಗೆ ಅಥವಾ ವಸಂತದ ಶುರುವಿನಲ್ಲಿ. ಬೇಸಿಗೆ ಅರ್ಧ ಕಳೆದ ಮೇಲೆ ಯಾವ ತುದಿಯನ್ನೂ ಚಿವುಟಬೇಡಿ.

ಹಂತ 3: ಕತ್ತಲೆ ಕೊಡಿ

ಚಳಿಗಾಲಕ್ಕೆ ಒಂದೂವರೆ-ಎರಡು ತಿಂಗಳು ಮೊದಲು ಶುರು ಮಾಡಿ. ಉತ್ತರಾರ್ಧದಲ್ಲಿ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್, ದಕ್ಷಿಣಾರ್ಧದಲ್ಲಿ ಮಾರ್ಚ್ ಕೊನೆ ಅಥವಾ ಏಪ್ರಿಲ್. ಗುರಿ ಇಷ್ಟೇ: ದಿನಾ ರಾತ್ರಿ 12ರಿಂದ 14 ಗಂಟೆ ಎಡೆಬಿಡದ ಕತ್ತಲೆ, ಆರರಿಂದ ಎಂಟು ವಾರ.

ಇದಕ್ಕೆ ಎಲ್ಲಕ್ಕಿಂತ ಸುಲಭದ ದಾರಿ, ಸಂಜೆ ಯಾರೂ ಲೈಟ್ ಹಾಕದ ಕೋಣೆ. ಹಗಲು ಬಿಸಿಲು ಬರಬೇಕು, ಸಂಜೆ ಬೆಳಕು ಬರಬಾರದು. ಅಂಥ ಕೋಣೆ ಸಿಕ್ಕರೆ ಗಿಡವನ್ನು ಅಲ್ಲಿಟ್ಟು ಬಂದುಬಿಡಿ. ಸೂರ್ಯನೇ ಉಳಿದ ಕೆಲಸ ನೋಡಿಕೊಳ್ಳುತ್ತಾನೆ. ಒಂದು ದಿನ ರಾತ್ರಿ ಅಲ್ಲಿ ನಿಂತು ನೋಡಿ: ಕಣ್ಣು ಹೊಂದಿಕೊಂಡ ಮೇಲೂ ಪುಸ್ತಕದ ಅಕ್ಷರ ಓದಲು ಆಗಬಾರದು. ಬೀದಿದೀಪ ನೇರವಾಗಿ ಬೀಳುತ್ತಿದ್ದರೆ ದಪ್ಪ ಪರದೆ ಎಳೆಯಿರಿ.

ಅಂಥ ಕೋಣೆ ಇಲ್ಲ, ಇರುವುದೇ ಒಂದು ಹಾಲ್ ಅಂದರೆ ರಟ್ಟಿನ ಪೆಟ್ಟಿಗೆ ಮುಚ್ಚಬೇಕಾಗುತ್ತದೆ. ಸಂಜೆ ಆರಕ್ಕೆ ಮುಚ್ಚಿ, ಬೆಳಿಗ್ಗೆ ಎಂಟಕ್ಕೆ ತೆಗೆಯಿರಿ. ಪೆಟ್ಟಿಗೆ ಎಲೆಗಳಿಗೆ ತಾಗದಷ್ಟು ದೊಡ್ಡದಿರಲಿ. ಪ್ಲಾಸ್ಟಿಕ್ ಹೊದಿಕೆ ಬೇಡ, ಒಳಗೆ ತೇವ ಕಟ್ಟಿಕೊಳ್ಳುತ್ತದೆ. ನಾನೊಂದು ಸಲ ಬೆಳಿಗ್ಗೆ ಪೆಟ್ಟಿಗೆ ತೆಗೆಯಲು ಮರೆತು ಊರಿಗೆ ಹೋಗಿಬಿಟ್ಟೆ. ಐದು ದಿನ ಗಿಡ ಪೂರ್ತಿ ಕತ್ತಲೆಯಲ್ಲಿ. ಸಾಯಲಿಲ್ಲ, ಪಾಪ, ಆದರೆ ಕೆಳಗಿನ ಎಲೆಗಳನ್ನೆಲ್ಲ ಉದುರಿಸಿ ಕೂತಿತ್ತು. ಆಮೇಲಿಂದ ಫೋನಿನಲ್ಲಿ ಎರಡು ಅಲಾರಂ. ಮುಚ್ಚಲು ಒಂದು, ತೆಗೆಯಲು ಇನ್ನೊಂದು.

ಒಂದು ರಾತ್ರಿ ಯಾರೋ ಐದು ನಿಮಿಷ ಲೈಟ್ ಹಾಕಿದರೆ ಎಲ್ಲ ಹಾಳಾಯಿತು ಅಂತ ಕೂರಬೇಡಿ. ಜೇಡ್ ಅಷ್ಟು ಮುನಿಸಿನ ಗಿಡವಲ್ಲ. ದಿನಾ ರಾತ್ರಿ ಹಾಕುವ ಟ್ಯೂಬ್‌ಲೈಟೇ ಸಮಸ್ಯೆ. ಗ್ರೋ ಲೈಟ್ ಬಳಸುವವರು ಟೈಮರ್ ಅನ್ನು ಮರೆಯದೆ 10 ಗಂಟೆಗೆ ಇಳಿಸಿ. ಬೇಸಿಗೆಯಲ್ಲಿ 14 ಗಂಟೆಗೆ ಇಟ್ಟ ಟೈಮರ್ ಹಾಗೇ ಓಡುತ್ತಿದ್ದರೆ, ಗಿಡದ ಪಾಲಿಗೆ ಚಳಿಗಾಲ ಬರುವುದೇ ಇಲ್ಲ.

ನೀವಿರುವ ಅಕ್ಷಾಂಶಕ್ಕೂ ಇದರಲ್ಲಿ ಪಾಲಿದೆ. ಸಮಭಾಜಕದಿಂದ 40 ಡಿಗ್ರಿ ದೂರದಲ್ಲಿ ಚಳಿಗಾಲದ ಅತಿ ಉದ್ದದ ರಾತ್ರಿ 14 ಗಂಟೆಗೂ ಜಾಸ್ತಿ. ಅಲ್ಲಿ ಮನೆಯ ದೀಪದಿಂದ ಕಾಪಾಡಿದರೆ ಸಾಕು. 15 ಡಿಗ್ರಿಯಲ್ಲಿ ಅದು ಸುಮಾರು 12 ಮುಕ್ಕಾಲು ಗಂಟೆ ಅಷ್ಟೆ. ಸಮಭಾಜಕದ ಮೇಲೆ ವರ್ಷವಿಡೀ ಹೆಚ್ಚುಕಡಿಮೆ 12. ಇಂಥ ಕಡೆ ಪೆಟ್ಟಿಗೆಯ ಸಹಾಯ ಒಳ್ಳೆಯದು. ಮುಂದಿನ ಹಂತದ ತಂಪು ಇನ್ನೂ ಮುಖ್ಯ.

ಹಂತ 4: ತಂಪು ರಾತ್ರಿ

ರಾತ್ರಿ 10ರಿಂದ 13 ಡಿಗ್ರಿ ಸೆಲ್ಸಿಯಸ್ ಸಿಕ್ಕರೆ ಜೇಡ್‌ಗೆ ಹಬ್ಬ. ಹಗಲು 18ರಿಂದ 24 ಇದ್ದರೆ ಚೆನ್ನ. ರಾತ್ರಿ 15ರ ಆಸುಪಾಸಿನಲ್ಲೂ ಹೂ ಬರಬಹುದು, ಹಗಲು-ರಾತ್ರಿಗೆ ಚೆನ್ನಾಗಿ ವ್ಯತ್ಯಾಸ ಇರಬೇಕು. 5 ಡಿಗ್ರಿಗಿಂತ ಕೆಳಗೆ ಇಳಿಸಬೇಡಿ. ಹಿಮ ಬಿದ್ದರೆ ನೀರು ತುಂಬಿದ ಆ ಎಲೆಗಳು ಬೇಯಿಸಿದ ತರಕಾರಿಯ ಹಾಗೆ ಮೆತ್ತಗಾಗಿ ಹೋಗುತ್ತವೆ.

ಮನೆಯಲ್ಲಿ ತಂಪು ಎಲ್ಲಿದೆ ಅಂತ ಹುಡುಕಲು, ಅಗ್ಗದ ಥರ್ಮಾಮೀಟರ್ ಒಂದನ್ನು ಎರಡು-ಮೂರು ಕಿಟಕಿಗಳ ಹತ್ತಿರ ಒಂದೊಂದು ರಾತ್ರಿ ಇಟ್ಟು ನೋಡಿ. ಒಂದೇ ಕೋಣೆಯಲ್ಲಿ ಗಾಜಿನ ಪಕ್ಕಕ್ಕೂ ನಡುಮನೆಗೂ ಎಷ್ಟು ವ್ಯತ್ಯಾಸ ಇರುತ್ತೆ ಅಂತ ಆಶ್ಚರ್ಯವಾಗುತ್ತದೆ. ಕಿಟಕಿಗೂ ಪರದೆಗೂ ನಡುವಿನ ಜಾಗ ಇದಕ್ಕೆ ಹೇಳಿಮಾಡಿಸಿದ್ದು: ಹಗಲು ಬಿಸಿಲು, ರಾತ್ರಿ ತಂಪು, ಪರದೆಯ ಈಚೆಗಿನ ದೀಪವೂ ತಾಗುವುದಿಲ್ಲ. ಮೂರು ಕೆಲಸ ಒಂದೇ ಕಡೆ ಆಯ್ತಲ್ವಾ? ಹಿಮ ಬೀಳುವ ಊರಾದರೆ ಎಲೆ ಗಾಜಿಗೆ ತಾಗದಂತೆ ಇಡಿ. ಹೀಟರ್ ಹತ್ತಿರವಂತೂ ಬೇಡವೇ ಬೇಡ.

ಹಂತ 5: ನೀರಿನ ಕೈ ಬಿಗಿ ಮಾಡಿ

ಈ ಆರೆಂಟು ವಾರ ನೀರು ಕಡಿಮೆ ಮಾಡಿ. ಎಷ್ಟು ದಿನಕ್ಕೊಮ್ಮೆ ಅಂತ ಲೆಕ್ಕ ಹಾಕುವುದಕ್ಕಿಂತ ಎಲೆ ಹಿಡಿದು ನೋಡುವುದು ಮೇಲು. ಕೆಳಗಿನ ಒಂದು ಎಲೆಯನ್ನು ಹೆಬ್ಬೆರಳು-ತೋರುಬೆರಳ ನಡುವೆ ಮೆಲ್ಲಗೆ ಒತ್ತಿ. ಗಟ್ಟಿಯಾಗಿ, ಹಸಿ ಕಡಲೆಕಾಯಿ ಬೀಜದ ಹಾಗೆ ಎದುರು ಒತ್ತಿದರೆ ನೀರು ಬೇಡ. ಸ್ವಲ್ಪ ಬಾಗಿತು, ಮೇಲೆ ಸಣ್ಣ ಸುಕ್ಕು ಕಂಡಿತು ಅಂದರೆ ಒಂದು ಲೋಟ ಕೊಡಿ. ಬಹುತೇಕ ಮನೆಗಳಲ್ಲಿ ಇದು ಮೂರ್ನಾಲ್ಕು ವಾರಕ್ಕೊಮ್ಮೆ ಬರುತ್ತದೆ.

ಆದರೆ ಬಾಯಾರಿಸುವುದು ಬೇರೆ, ಒಣಗಿಸುವುದು ಬೇರೆ. ಎಲೆಗಳು ಒಣದ್ರಾಕ್ಷಿಯಂತಾಗಿ ಉದುರತೊಡಗಿದರೆ ಅತಿಯಾಯಿತು ಅಂತ. ಎಲೆ ಮೆತ್ತಗಿದೆ, ಮಣ್ಣು ಮಾತ್ರ ಹಸಿಯಾಗಿದೆ ಅಂದರೆ ಅದು ಬಾಯಾರಿಕೆಯಲ್ಲ. ಬೇರು ಕೊಳೆಯುತ್ತಿದೆ. ಆಗ ಹೂವಿನ ಆಸೆ ಬಿಟ್ಟು, ಗಿಡ ಕಿತ್ತು, ಕೊಳೆತ ಬೇರು ಕತ್ತರಿಸಿ, ಒಣ ಮಣ್ಣಿಗೆ ಹಾಕಿ.

ಮೊಗ್ಗು ಹುಡುಕುವುದು

ಐದಾರು ವಾರ ಕಳೆದ ಮೇಲೆ ಕೊಂಬೆಯ ತುದಿಯ ಎರಡು ಎಲೆಗಳ ನಡುವೆ ಹತ್ತಿರದಿಂದ ನೋಡಿ. ಅಲ್ಲಿ ಸಾಮಾನ್ಯವಾಗಿ ಕೈಮುಗಿದಂತೆ ಅಂಟಿಕೊಂಡ ಹೊಸ ಎಲೆ ಜೋಡಿ ಇರುತ್ತದೆ, ನಯವಾಗಿ, ಚಪ್ಪಟೆಯಾಗಿ. ಮೊಗ್ಗು ಬರುವಾಗ ಆ ಜಾಗ ಬೇರೆ ಥರ ಕಾಣುತ್ತದೆ. ಚಪ್ಪಟೆ ಜೋಡಿಯ ಬದಲು ಸಾಸಿವೆ ಕಾಳು ಗುಂಪಾಗಿ ಕೂತಂತೆ ಹಸಿರು ಉಬ್ಬು. ಒಂದು ವಾರ ಬಿಟ್ಟು ನೋಡಿದರೆ ಅದು ತೆಳ್ಳನೆಯ ದಂಟಿನ ಮೇಲೆ ಎದ್ದು ನಿಂತಿರುತ್ತದೆ, ಕಾಳುಗಳು ಕವಲೊಡೆದಿರುತ್ತವೆ, ತುದಿಗೆ ನಸುಗೆಂಪು. ಜೇಡ್‌ನ ಮಿಕ್ಕೆಲ್ಲ ಭಾಗಗಳೂ ದಪ್ಪ ದಪ್ಪ. ಈ ದಂಟೊಂದೇ ನೂಲಿನಷ್ಟು ಸಪೂರ. ಹಾಗಾಗಿ ಒಮ್ಮೆ ನೋಡಿದವರಿಗೆ ಮತ್ತೆ ಅನುಮಾನ ಬರುವುದಿಲ್ಲ.

ಮೊಗ್ಗು ಖಚಿತವಾದ ಮೇಲೆ ಪೆಟ್ಟಿಗೆ ಕೆಲಸ ಮುಗಿಯಿತು. ನೀರನ್ನು ಸ್ವಲ್ಪ ಹೆಚ್ಚಿಸಿ, ಮಣ್ಣು ಪೂರ್ತಿ ಒಣಗಿದಾಗಲೊಮ್ಮೆ. ಗೊಬ್ಬರ ಈಗಲೂ ಬೇಡ. ಗಿಡವನ್ನು ತಕ್ಷಣ ಬೆಚ್ಚಗಿನ ಹಾಲ್‌ಗೆ ತಂದು ಎಲ್ಲರಿಗೂ ತೋರಿಸುವ ಆಸೆ ಆಗುತ್ತದೆ, ಒಂದೆರಡು ವಾರ ತಡೆದುಕೊಳ್ಳಿ. ತಂಪಿನಿಂದ ಬಿಸಿಗೆ ದಿಢೀರ್ ಬಂದರೆ ಮೊಗ್ಗು ಉದುರಬಹುದು. ನಾಲ್ಕಾರು ಹೂ ಅರಳಿದ ಮೇಲೆ ತನ್ನಿ. ತಂಪಲ್ಲೇ ಇದ್ದರೆ ಗೊಂಚಲು ಹಲವು ವಾರ ಬಾಳುತ್ತದೆ.

ಹೂವಿಗೆ ಐದು ಎಸಳು, ಬಿಳಿ ಅಥವಾ ತಿಳಿ ಗುಲಾಬಿ. ನಡುವೆ ಐದು ಕೇಸರ, ತುದಿಯಲ್ಲಿ ನೇರಳೆಗೆಂಪು ಚುಕ್ಕಿ. ಮೂಗು ಹತ್ತಿರ ತಂದರೆ ಸಣ್ಣಗೆ ಸಿಹಿ ವಾಸನೆ.

ಈ ಹೊತ್ತಲ್ಲಿ ಹಿಟ್ಟು ತಿಗಣೆಯನ್ನು ನೋಡಿಕೊಳ್ಳಿ. ಬಿಳಿ ಹೂ ಗೊಂಚಲಲ್ಲಿ ಬಿಳಿ ಹತ್ತಿಯಂಥ ಹುಳ ಕೂತರೆ ಗೊತ್ತೇ ಆಗುವುದಿಲ್ಲ. ಕಂಡರೆ 70 ಶೇಕಡಾ ಆಲ್ಕೋಹಾಲ್‌ನಲ್ಲಿ ಅದ್ದಿದ ಇಯರ್ ಬಡ್‌ನಿಂದ ಒಂದೊಂದನ್ನೇ ಮುಟ್ಟಿ ತೆಗೆಯಿರಿ. ಸೋಪು ಅಥವಾ ಎಣ್ಣೆ ಸ್ಪ್ರೇಗಳು ಜೇಡ್ ಎಲೆಗೆ ಕಲೆ ಮಾಡಬಹುದು. ಮೊದಲು ಒಂದೇ ಎಲೆಗೆ ಹಚ್ಚಿ, ಎರಡು ದಿನ ಕಾದು ನೋಡಿ. ಎಲೆಯ ಮೇಲೆ ಬೆರಳಲ್ಲಿ ಉಜ್ಜಿದರೆ ಹೋಗುವ ಸಣ್ಣ ಬಿಳಿ ಚುಕ್ಕಿಗಳು ಮಾತ್ರ ಹುಳವಲ್ಲ. ನೀರಿನ ಉಪ್ಪು ಎಲೆಯ ರಂಧ್ರಗಳಿಂದ ಹೊರಬಂದು ಒಣಗಿದ್ದು. ಇನ್ನು, ಬೆಕ್ಕು-ನಾಯಿ ಇದ್ದರೆ ಗಿಡ ಕೈಗೆಟುಕದ ಕಡೆ ಇರಲಿ. ತಿಂದರೆ ಅವಕ್ಕೆ ವಾಂತಿ, ಮಂಕು ಬಡಿಯುತ್ತದೆ.

ಹೂ ಬರಲಿಲ್ಲ, ಈಗೇನು?

ಎಲ್ಲ ಮಾಡಿದರೂ ಮೊಗ್ಗಿಲ್ಲ ಅಂದರೆ ನಾನು ಈ ಕ್ರಮದಲ್ಲಿ ಅನುಮಾನ ಪಡುತ್ತೇನೆ: ಮೊದಲು ವಯಸ್ಸು, ಆಮೇಲೆ ಬೇಸಿಗೆಯ ಬಿಸಿಲು, ಆಮೇಲೆ ರಾತ್ರಿಯ ಬಿಸಿ. ಗೆಣ್ಣು ಉದ್ದವಾಗಿದ್ದ ಗಿಡಕ್ಕೆ ಎಷ್ಟು ಕತ್ತಲೆ ಕೊಟ್ಟರೂ ಹೂ ಬಿಡಲು ಕಸುವೇ ಇರುವುದಿಲ್ಲ. ಅದಕ್ಕೆ ಒಂದು ಪೂರ್ತಿ ಬೇಸಿಗೆ ಒಳ್ಳೆಯ ಕಿಟಕಿ ಕೊಟ್ಟು ಮುಂದಿನ ವರ್ಷ ನೋಡಿ. ಕೆಲವು ಕೊಂಬೆಯಲ್ಲಿ ಮಾತ್ರ ಹೂ ಬಂದರೆ ಅದು ಸೋಲಲ್ಲ. ಮೊದಲ ವರ್ಷ ಹಾಗೇ ಆಗುವುದು ಜಾಸ್ತಿ, ಕಿಟಕಿ ಕಡೆಗಿದ್ದ ಕೊಂಬೆ ಮುಂದೆ ಹೋಗಿರುತ್ತದೆ.

ಹೂ ಮುಗಿದ ಮೇಲೆ

ಗೊಂಚಲು ಕಂದಾಗಿ ಒಣಗಿದಾಗ ದಂಟನ್ನು ಬುಡದಲ್ಲಿ ಕತ್ತರಿಸಿ. ಎಳೆದು ಕೀಳಬೇಡಿ, ಪಕ್ಕದ ಚಿಗುರು ಕಿತ್ತುಬರುತ್ತದೆ. ಆಕಾರ ಕೊಡುವುದಿದ್ದರೆ ಇದೇ ಸಮಯ. ಹೊಸ ಚಿಗುರು ಕಾಣಿಸಿದ ಮೇಲೆ ಅರ್ಧ ಪ್ರಮಾಣದ ಗೊಬ್ಬರ ಮತ್ತೆ ಶುರು ಮಾಡಿ.

ಹೂ ಬಿಟ್ಟ ತುದಿ ಮುಂದೆ ಬೆಳೆಯುವುದಿಲ್ಲ. ಅದರ ಕೆಳಗಿನ ಎಲೆ ಜೋಡಿಯ ಕಂಕುಳಿಂದ ಎರಡು ಹೊಸ ಕುಡಿಗಳು ಎಡಕ್ಕೊಂದು, ಬಲಕ್ಕೊಂದು ಹೊರಡುತ್ತವೆ. ಹಾಗಾಗಿ ಈ ವರ್ಷ ಹತ್ತು ಗೊಂಚಲು ಬಂದ ಗಿಡಕ್ಕೆ, ನೀವು ಕತ್ತರಿ ಆಡಿಸದಿದ್ದರೆ, ಮುಂದಿನ ಚಳಿಗಾಲಕ್ಕೆ ಇಪ್ಪತ್ತರಷ್ಟು ತುದಿಗಳು ಸಿದ್ಧವಾಗಿರುತ್ತವೆ. ನಮ್ಮನೆ ಗಿಡದ ಹಿಂಭಾಗದ ಕೊಂಬೆ, ಅದೇ ಕತ್ತರಿಯಿಂದ ತಪ್ಪಿಸಿಕೊಂಡದ್ದು, ಈಗ ಮೂರು ಸಲ ಕವಲೊಡೆದಿದೆ. ಅದರಲ್ಲೇ ಎಂಟು ತುದಿ. ಕುಂಡ ಒಂದು ಕಡೆ ವಾಲುತ್ತಿದೆ ಅಂತ ಬುಡಕ್ಕೆ ಕಲ್ಲು ಇಟ್ಟಿದ್ದೇನೆ. ಕತ್ತರಿಸಲು ಮನಸ್ಸು ಬರುತ್ತಿಲ್ಲ.